ಒಂದೇ ಪುಟದ ಎರಡು ಬೆಲೆಗಳು

ಪ್ರಶ್ನೆ: ಅಮೆರಿಕದ ದೊಡ್ಡ ಪ್ರಕಾಶನ ಸಂಸ್ಥೆಯೊಂದರ ಕಾದಂಬರಿಯನ್ನು ಅಮೆಜಾನ್‌ನ ಅಮೆರಿಕದ ಮಳಿಗೆಯಲ್ಲಿ ಹುಡುಕಿದೆ. ಕಿಂಡಲ್ ಆವೃತ್ತಿಗೆ 14.99 ಡಾಲರ್ ಇತ್ತು. ಅದೇ ಪುಟದಲ್ಲಿ ಪೇಪರ್‌ಬ್ಯಾಕ್ ಪ್ರತಿ ಅದಕ್ಕಿಂತ ಅಗ್ಗವಾಗಿ ಸಿಗುತ್ತಿತ್ತು. ಕಿಂಡಲ್ ಬೆಲೆಯ ಕೆಳಗೆ ಈ ಬೆಲೆಯನ್ನು ಪ್ರಕಾಶಕರು ನಿಗದಿಪಡಿಸಿದ್ದಾರೆ ಎಂಬ ಸಾಲು ಬೇರೆ. ಕಾಗದವಿಲ್ಲ, ಅಚ್ಚಿಲ್ಲ, ಸಾಗಣೆಯಿಲ್ಲ. ಆದರೂ ಇ-ಪುಸ್ತಕವೇ ಏಕೆ ದುಬಾರಿ? ಬೆಲೆಯ ವಿಷಯದಲ್ಲಿ ಆಪಲ್ ಮತ್ತು ಪ್ರಕಾಶಕರು ಸೇರಿ ತಪ್ಪು ಮಾಡಿದ್ದಾರೆಂದು ಅಲ್ಲಿನ ನ್ಯಾಯಾಲಯವೇ ಹೇಳಿದ ಮೇಲೂ ಆ ಸಾಲು ಹೇಗೆ ಉಳಿದುಕೊಂಡಿತು?

ಉತ್ತರ: ನೀವು ನೋಡಿದ ಎರಡು ಬೆಲೆಗಳನ್ನು ಇಟ್ಟವರು ಒಬ್ಬರಲ್ಲ. ಪೇಪರ್‌ಬ್ಯಾಕಿನ ಬೆಲೆಯನ್ನು ಇಟ್ಟದ್ದು ಅಂಗಡಿ, ಎಂದರೆ ಅಮೆಜಾನ್. ಇ-ಪುಸ್ತಕದ ಬೆಲೆಯನ್ನು ಇಟ್ಟವರು ಪ್ರಕಾಶಕರು. ಮೊದಲನೆಯದನ್ನು ತನಗೆ ತೋಚಿದಷ್ಟು ಇಳಿಸುವ ಸ್ವಾತಂತ್ರ್ಯ ಅಂಗಡಿಗೆ ಇದೆ, ಎರಡನೆಯದನ್ನು ಇಳಿಸಲು ಒಪ್ಪಂದದಲ್ಲಿ ಅವಕಾಶವಿಲ್ಲ. ಒಂದೇ ಕೃತಿಯ ಎರಡು ರೂಪಗಳು ಎರಡು ಬಗೆಯ ವ್ಯಾಪಾರ ಪದ್ಧತಿಗಳಲ್ಲಿ ಮಾರಾಟವಾಗುತ್ತಿರುವುದೇ ಈ ವಿಚಿತ್ರಕ್ಕೆ ಕಾರಣ. ಖರ್ಚಿನ ಲೆಕ್ಕ ಹಾಕಿದರೆ ಅದು ಅರ್ಥವಾಗುವುದಿಲ್ಲ, ಆದರೂ ಎಲ್ಲರೂ ಮೊದಲು ಕೇಳುವುದು ಖರ್ಚನ್ನೇ ಆದ್ದರಿಂದ ಅಲ್ಲಿಂದಲೇ ಹೊರಡುತ್ತೇನೆ.

ಹಾರ್ಡ್‌ಬೌಂಡ್ ಪುಸ್ತಕವೊಂದರ ಮುಖಬೆಲೆ 26 ಡಾಲರ್ ಎಂದಿಟ್ಟುಕೊಳ್ಳಿ. ಅಂಗಡಿಯು ಅದನ್ನು ಸರಿಸುಮಾರು ಅರ್ಧ ಬೆಲೆಗೆ ಕೊಳ್ಳುತ್ತದೆ, ಎಂದರೆ ಪ್ರಕಾಶಕರ ಕೈಗೆ ಬರುವುದು 13 ಡಾಲರ್. ಅದರೊಳಗೆ ಕಾಗದ, ಅಚ್ಚು, ರಟ್ಟು, ಗೋದಾಮು, ಸಾಗಣೆ ಎಲ್ಲವೂ ಸೇರಿ ಮೂರು ಡಾಲರಿನ ಆಸುಪಾಸು ಎಂಬುದು 2010ರ ಹೊತ್ತಿಗೆ ಉದ್ಯಮದಲ್ಲಿ ಚಾಲ್ತಿಯಲ್ಲಿದ್ದ ಅಂದಾಜು. ಉಳಿದ ಹಣ ಲೇಖಕರ ಗೌರವಧನ, ಮುಂಗಡ, ಸಂಪಾದಕರು ಮತ್ತು ಕರಡು ತಿದ್ದುವವರ ಸಂಬಳ, ಮುಖಪುಟ, ಪ್ರಚಾರ, ಕಚೇರಿಯ ಬಾಡಿಗೆ ಇತ್ಯಾದಿಗಳಿಗೆ ಹೋಗುತ್ತದೆ, ಇವು ಯಾವುವೂ ಪುಸ್ತಕ ಪರದೆಯ ಮೇಲೆ ಬಂದ ಮಾತ್ರಕ್ಕೆ ತಪ್ಪುವುದಿಲ್ಲ. ಆದ್ದರಿಂದ ಕಾಗದ ಹೋದರೆ ಬೆಲೆ ಅರ್ಧಕ್ಕಿಳಿಯಬೇಕು ಎಂಬ ವಾದಕ್ಕೆ ಲೆಕ್ಕದ ಬೆಂಬಲವಿಲ್ಲ. ಆದರೆ ಮಾರಾಟವಾಗದೆ ಉಳಿದ ಪ್ರತಿಗಳನ್ನು ಅಂಗಡಿಗಳು ಹಿಂದಿರುಗಿಸುವ ಪದ್ಧತಿಯಿಂದ ಪ್ರಕಾಶಕರಿಗೆ ಆಗುವ ನಷ್ಟ ಇ-ಪುಸ್ತಕದಲ್ಲಿ ಪೂರ್ತಿಯಾಗಿ ತಪ್ಪುತ್ತದೆ, ಮರುಮುದ್ರಣದ ಚಿಂತೆಯೂ ಇಲ್ಲ. ಈ ಉಳಿತಾಯದ ಮಾತು ಬಂದಾಗ ಪ್ರಕಾಶಕರ ದನಿ ಸ್ವಲ್ಪ ತಗ್ಗುತ್ತದೆ ಎಂಬುದನ್ನು ನಾನು ಗಮನಿಸಿದ್ದೇನೆ.

ಖರ್ಚಿನ ವಿಷಯ ಅಷ್ಟೇ. ಬೆಲೆ ತೀರ್ಮಾನವಾಗುವುದು ಬೇರೆ ಕಡೆ.

ಅಮೆಜಾನ್ ಕಂಪನಿಯು 2007ರ ನವೆಂಬರಿನಲ್ಲಿ ಕಿಂಡಲ್ ಸಾಧನವನ್ನು ಮಾರುಕಟ್ಟೆಗೆ ತಂದಾಗ ಇ-ಪುಸ್ತಕಗಳೂ ಮುದ್ರಿತ ಪುಸ್ತಕಗಳಂತೆ ಸಗಟು ಪದ್ಧತಿಯಲ್ಲೇ ಮಾರಾಟವಾಗುತ್ತಿದ್ದವು. ಪ್ರಕಾಶಕರು ಮುಖಬೆಲೆಯ ಅರ್ಧದಷ್ಟನ್ನು ಪಡೆದುಕೊಂಡು ಸುಮ್ಮನಾಗುತ್ತಿದ್ದರು, ಓದುಗರಿಗೆ ಎಷ್ಟಕ್ಕೆ ಮಾರಬೇಕೆಂಬುದು ಅಂಗಡಿಯ ಇಷ್ಟ. ಅಮೆಜಾನ್ ಹೊಸದಾಗಿ ಬಂದ, ಹೆಚ್ಚು ಬೇಡಿಕೆಯಿದ್ದ ಪುಸ್ತಕಗಳಿಗೆ 9.99 ಡಾಲರ್ ಬೆಲೆ ಇಟ್ಟಿತು. ಮೇಲಿನ ಉದಾಹರಣೆಯನ್ನೇ ಹಿಡಿದರೆ ಪ್ರಕಾಶಕರಿಗೆ 13 ಡಾಲರ್ ಕೊಟ್ಟು ತಂದದ್ದನ್ನು ಹತ್ತು ಡಾಲರಿಗೆ ಒಂದು ಸೆಂಟ್ ಕಡಿಮೆಗೆ ಮಾರುವುದು, ಪ್ರತಿಯೊಂದಕ್ಕೆ ಮೂರು ಡಾಲರ್ ಕಳೆದುಕೊಳ್ಳುವುದು. ಸಾಧನ ಮಾರಾಟವಾಗಬೇಕು, ಓದುಗರಿಗೆ ತನ್ನ ಅಂಗಡಿಯ ರೂಢಿ ಹತ್ತಬೇಕು ಎಂಬುದು ಅದರ ಲೆಕ್ಕಾಚಾರ. ಲೆಕ್ಕ ತಪ್ಪಲೂ ಇಲ್ಲ: 2010ರ ಹೊತ್ತಿಗೆ ಅಮೆರಿಕದ ಇ-ಪುಸ್ತಕ ಮಾರುಕಟ್ಟೆಯ ಶೇಕಡ 90ರಷ್ಟು ಅದರ ಕೈಯಲ್ಲಿತ್ತು.

ಪ್ರಕಾಶಕರಿಗೆ ಇದರಿಂದ ಆ ಹೊತ್ತಿಗೆ ಒಂದು ಪೈಸೆಯೂ ನಷ್ಟವಿರಲಿಲ್ಲ, ಅವರ 13 ಡಾಲರ್ ಅವರಿಗೆ ಬರುತ್ತಲೇ ಇತ್ತು. ಆದರೂ ಅವರು ಹೆದರಿದರು. ಹೊಸ ಪುಸ್ತಕದ ಬೆಲೆ ಎಂದರೆ ಹತ್ತು ಡಾಲರಿನ ಒಳಗೆ ಎಂಬ ಅಂಕಿ ಓದುಗರ ಮನಸ್ಸಿನಲ್ಲಿ ಕೂತುಬಿಟ್ಟರೆ 26 ಡಾಲರಿನ ಹಾರ್ಡ್‌ಬೌಂಡನ್ನು ಯಾರು ಕೊಳ್ಳುತ್ತಾರೆ, ಹಾರ್ಡ್‌ಬೌಂಡನ್ನೇ ನಂಬಿದ ಪುಸ್ತಕದಂಗಡಿಗಳು ಎಷ್ಟು ದಿನ ಬಾಗಿಲು ತೆರೆದಿರುತ್ತವೆ, ಅವು ಮುಚ್ಚಿದ ಮೇಲೆ ಉಳಿದ ಒಬ್ಬನೇ ವ್ಯಾಪಾರಿ ಸಗಟು ಬೆಲೆಯನ್ನೂ ಇಳಿಸಿ ಎಂದು ಕೇಳಿದರೆ ಇಲ್ಲವೆನ್ನುವ ಶಕ್ತಿ ಯಾರಿಗಿರುತ್ತದೆ ಎಂಬ ಸರಣಿ ಅವರ ಕಣ್ಣ ಮುಂದಿತ್ತು. ಕೆಲವರು 2009ರ ಕೊನೆಯಲ್ಲಿ ಇ-ಪುಸ್ತಕವನ್ನು ಹಾರ್ಡ್‌ಬೌಂಡ್ ಬಂದು ಕೆಲವು ತಿಂಗಳಾದ ನಂತರ ಬಿಡುಗಡೆ ಮಾಡುವ ದಾರಿ ಹಿಡಿದರು, ಓದುಗರ ಸಿಟ್ಟಿನ ಹೊರತು ಅದರಿಂದ ಹೆಚ್ಚೇನೂ ದಕ್ಕಲಿಲ್ಲ.

ಇ-ಪುಸ್ತಕ ಮಾರುವ ತನ್ನದೇ ಅಂಗಡಿ ತೆರೆಯಲು ಆಪಲ್ ಬಂದದ್ದು ಆಗ. ಐಪ್ಯಾಡನ್ನು 2010ರ ಜನವರಿ 27ರಂದು ಪ್ರದರ್ಶಿಸುವ ಮೊದಲಿನ ಕೆಲವೇ ವಾರಗಳಲ್ಲಿ ಆ ಕಂಪನಿಯ ಎಡ್ಡಿ ಕ್ಯೂ ನ್ಯೂಯಾರ್ಕಿನ ಪ್ರಕಾಶಕರೊಡನೆ ಮಾತುಕತೆ ನಡೆಸಿ ಐವರ ಸಹಿ ಪಡೆದರು: ಹ್ಯಾಶೆಟ್, ಹಾರ್ಪರ್‌ಕಾಲಿನ್ಸ್, ಮ್ಯಾಕ್‌ಮಿಲನ್, ಪೆಂಗ್ವಿನ್, ಸೈಮನ್ ಆಂಡ್ ಶುಸ್ಟರ್. ಅತಿ ದೊಡ್ಡದಾಗಿದ್ದ ರ್‍ಯಾಂಡಮ್ ಹೌಸ್ ಆಗ ಹೊರಗುಳಿದು ಮರುವರ್ಷ ಸೇರಿಕೊಂಡಿತು. ಒಪ್ಪಂದದ ಪ್ರಕಾರ ಅಂಗಡಿಯು ಇನ್ನು ಮುಂದೆ ಕೊಂಡು ಮಾರುವ ವ್ಯಾಪಾರಿಯಲ್ಲ, ಪ್ರಕಾಶಕರ ಪರವಾಗಿ ಮಾರಿಕೊಡುವ ಏಜೆಂಟ್. ಬೆಲೆ ಪ್ರಕಾಶಕರದು, ಅಂಗಡಿಗೆ ಶೇಕಡ 30ರ ಕಮಿಷನ್. ಇದನ್ನೇ ಏಜೆನ್ಸಿ ಪದ್ಧತಿ ಎನ್ನುತ್ತಾರೆ. ಹೊಸ ಪುಸ್ತಕಗಳಿಗೆ 12.99 ಮತ್ತು 14.99 ಡಾಲರಿನ ಗರಿಷ್ಠ ಮಿತಿಗಳನ್ನು ಆಪಲ್ ಹಾಕಿತ್ತು. ಮಿತಿಯೆಂದು ಬರೆದದ್ದೇ ಬಹುಮಟ್ಟಿಗೆ ಬೆಲೆಯಾಗಿಬಿಟ್ಟಿತು.

ಇಲ್ಲಿ ಒಂದು ಲೆಕ್ಕವನ್ನು ನಿಧಾನವಾಗಿ ನೋಡಬೇಕು. ಹಳೆಯ ಪದ್ಧತಿಯಲ್ಲಿ ಪ್ರಕಾಶಕರಿಗೆ 13 ಡಾಲರ್ ಬರುತ್ತಿತ್ತು. ಹೊಸ ಪದ್ಧತಿಯಲ್ಲಿ 12.99ರ ಶೇಕಡ 70, ಎಂದರೆ 9.09 ಡಾಲರ್. ಓದುಗರು ಮೂರು ಡಾಲರ್ ಹೆಚ್ಚು ಕೊಡುತ್ತಾರೆ, ಪ್ರಕಾಶಕರಿಗೆ ನಾಲ್ಕು ಡಾಲರಿನಷ್ಟು ಕಡಿಮೆ ಬರುತ್ತದೆ. ತಮ್ಮ ಆದಾಯವನ್ನು ತಾವೇ ಇಳಿಸಿಕೊಂಡು ಬೆಲೆಯ ಹಿಡಿತವನ್ನು ಕೊಂಡುಕೊಂಡ ಈ ವ್ಯಾಪಾರವನ್ನು ದುರಾಸೆ ಎಂಬ ಒಂದು ಮಾತಿನಲ್ಲಿ ಮುಗಿಸಲಾಗದು. ಅವರು ಕಾಪಾಡಹೊರಟದ್ದು ಇ-ಪುಸ್ತಕದ ಲಾಭವನ್ನಲ್ಲ, ಹಾರ್ಡ್‌ಬೌಂಡಿನ ಬೆಲೆಯನ್ನು.

ಒಪ್ಪಂದದಲ್ಲಿ ಇನ್ನೊಂದು ಷರತ್ತಿತ್ತು, ಮುಂದಿನ ಮೊಕದ್ದಮೆಯ ಬೀಜ ಅದರಲ್ಲೇ ಇದ್ದದ್ದು. ಬೇರೆ ಯಾವುದೇ ಅಂಗಡಿಯಲ್ಲಿ ಅದೇ ಹೊಸ ಪುಸ್ತಕ ಕಡಿಮೆ ಬೆಲೆಗೆ ಸಿಕ್ಕರೆ ಆಪಲ್ ಕೂಡ ಅದೇ ಬೆಲೆಗೆ ಮಾರಬಹುದು. ಓದಲು ನಿರುಪದ್ರವಿಯಾಗಿ ಕಾಣುವ ಈ ಸಾಲಿನ ಪರಿಣಾಮವೇನೆಂದರೆ, ಅಮೆಜಾನ್ ತನ್ನ 9.99ರಲ್ಲೇ ಮುಂದುವರಿದರೆ ಆಪಲ್ ಕೂಡ 9.99ಕ್ಕೆ ಇಳಿಯುತ್ತದೆ, ಆಗ ಪ್ರಕಾಶಕರಿಗೆ ಸಿಗುವುದು ಏಳು ಡಾಲರ್ ಮಾತ್ರ. ಆ ನಷ್ಟದಿಂದ ತಪ್ಪಿಸಿಕೊಳ್ಳಬೇಕಾದರೆ ಪ್ರಕಾಶಕರು ಅಮೆಜಾನನ್ನೂ ಏಜೆನ್ಸಿ ಪದ್ಧತಿಗೆ ಎಳೆದು ತರಲೇಬೇಕು. ಒಬ್ಬರೇ ಹೋಗಿ ಕೇಳಿದರೆ ಅಮೆಜಾನ್ ಬಗ್ಗುವುದಿಲ್ಲ, ಐವರೂ ಒಂದೇ ಹೊತ್ತಿಗೆ ಕೇಳಿದರೆ ಬಗ್ಗದೆ ಗತಿಯಿಲ್ಲ.

ಮೊದಲು ಹೋದವರು ಮ್ಯಾಕ್‌ಮಿಲನ್‌ನ ಮುಖ್ಯಸ್ಥ ಜಾನ್ ಸಾರ್ಜೆಂಟ್. ಜನವರಿ 28ರಂದು, ಐಪ್ಯಾಡ್ ಪ್ರದರ್ಶನದ ಮರುದಿನವೇ, ಅವರು ಅಮೆಜಾನ್‌ನ ಕೇಂದ್ರ ಕಚೇರಿಯಿರುವ ಸಿಯಾಟಲ್‌ಗೆ ಹೋಗಿ ಏಜೆನ್ಸಿ ಪದ್ಧತಿ ಒಪ್ಪಿ, ಇಲ್ಲವಾದರೆ ನಿಮಗೆ ಇ-ಪುಸ್ತಕಗಳು ತಿಂಗಳುಗಟ್ಟಲೆ ತಡವಾಗಿ ಸಿಗುತ್ತವೆ ಎಂದು ಹೇಳಿ ಬಂದರು. ಮರುದಿನ, ಶುಕ್ರವಾರ, ಅಮೆಜಾನ್‌ನಲ್ಲಿ ಮ್ಯಾಕ್‌ಮಿಲನ್ ಪುಸ್ತಕಗಳ ಪುಟಗಳಿಂದ ಕೊಳ್ಳುವ ಗುಂಡಿ ಮಾಯವಾಯಿತು. ಇ-ಪುಸ್ತಕಗಳಿಗೆ ಮಾತ್ರವಲ್ಲ, ಜಗಳಕ್ಕೆ ಸಂಬಂಧವೇ ಇಲ್ಲದ ಮುದ್ರಿತ ಪ್ರತಿಗಳಿಗೂ. ಪುಸ್ತಕದ ಪುಟ ಇದೆ, ಮುಖಪುಟದ ಚಿತ್ರ ಇದೆ, ವಿಮರ್ಶೆಗಳಿವೆ, ಕೊಳ್ಳಲು ಬರುವುದಿಲ್ಲ. ಹೊರಗಿನ ಮಾರಾಟಗಾರರ ಬಳಿ ಇದ್ದ ಪ್ರತಿಗಳಷ್ಟೇ ಗತಿ. ಭಾನುವಾರ ಅಮೆಜಾನ್ ಬಹಿರಂಗವಾಗಿ ಸೋಲೊಪ್ಪಿತು. ತನ್ನ ಪುಸ್ತಕಗಳ ಮೇಲೆ ಮ್ಯಾಕ್‌ಮಿಲನ್‌ಗೆ ಏಕಸ್ವಾಮ್ಯವಿರುವುದರಿಂದ ಶರಣಾಗದೆ ವಿಧಿಯಿಲ್ಲ ಎಂದಿತು. ಮಾರುಕಟ್ಟೆಯ ಹತ್ತರಲ್ಲಿ ಒಂಬತ್ತು ಪಾಲು ಹಿಡಿದವರು ಎದುರಾಳಿಯನ್ನು ಏಕಸ್ವಾಮಿ ಎಂದು ಕರೆದದ್ದು ಆ ವಾರದ ನಗೆಮಾತಾಗಿತ್ತು.

ಇನ್ನು ನಿಮ್ಮ ನ್ಯಾಯಾಲಯದ ಪ್ರಶ್ನೆ. ಅಮೆರಿಕದ ನ್ಯಾಯಾಂಗ ಇಲಾಖೆ 2012ರ ಏಪ್ರಿಲ್ 11ರಂದು ಆಪಲ್ ಮತ್ತು ಐವರು ಪ್ರಕಾಶಕರ ಮೇಲೆ ಮೊಕದ್ದಮೆ ಹೂಡಿತು. ಹ್ಯಾಶೆಟ್, ಹಾರ್ಪರ್‌ಕಾಲಿನ್ಸ್, ಸೈಮನ್ ಆಂಡ್ ಶುಸ್ಟರ್ ಅಂದೇ ರಾಜಿ ಮಾಡಿಕೊಂಡರು, ವರ್ಷ ತುಂಬುವುದರೊಳಗೆ ಪೆಂಗ್ವಿನ್ ಮತ್ತು ಮ್ಯಾಕ್‌ಮಿಲನ್ ಕೂಡ. ಆಪಲ್ ಒಂದೇ ವಿಚಾರಣೆಗೆ ನಿಂತಿತು. ನ್ಯಾಯಾಧೀಶೆ ಡೆನಿಸ್ ಕೋಟ್ 2013ರ ಜುಲೈ 10ರಂದು ಆಪಲ್ ತಪ್ಪಿತಸ್ಥ ಎಂದು ತೀರ್ಪಿತ್ತರು, ಮೇಲ್ಮನವಿ ನ್ಯಾಯಾಲಯ 2015ರಲ್ಲಿ ಎರಡಕ್ಕೆ ಒಂದು ಮತದಿಂದ ಅದನ್ನು ಎತ್ತಿಹಿಡಿಯಿತು, 2016ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಪ್ರಕರಣವನ್ನು ಕೈಗೆತ್ತಿಕೊಳ್ಳಲು ನಿರಾಕರಿಸಿತು. ಆಪಲ್ 45 ಕೋಟಿ ಡಾಲರ್ ಕೊಡಬೇಕಾಯಿತು, ಅದರಲ್ಲಿ 40 ಕೋಟಿ ಓದುಗರ ಪಾಲು. ಕೂಟದ ಬೆಲೆ ಜಾರಿಯಲ್ಲಿದ್ದ ಅವಧಿಯಲ್ಲಿ ಇ-ಪುಸ್ತಕ ಕೊಂಡಿದ್ದ ಅಮೆರಿಕದ ಓದುಗರ ಖಾತೆಗೆ, ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಹೆಚ್ಚು ಮಾರಾಟವಾಗುವ ಪುಸ್ತಕಗಳ ಪಟ್ಟಿಯಲ್ಲಿದ್ದ ಪ್ರತಿ ಪುಸ್ತಕಕ್ಕೆ 6.93 ಡಾಲರಿನಂತೆ, ಮತ್ತೆ ಪುಸ್ತಕ ಕೊಳ್ಳಲು ಬಳಸಬಹುದಾದ ಮೊತ್ತವಾಗಿ ಅದು ಜಮೆಯಾಯಿತು.

ನ್ಯಾಯಾಲಯ ತಪ್ಪೆಂದದ್ದು ಯಾವುದನ್ನು ಎಂಬುದರ ಮೇಲೆ ನಿಮ್ಮ ಪ್ರಶ್ನೆಯ ಉತ್ತರ ನಿಂತಿದೆ. ಪ್ರಕಾಶಕರು ಅಂಗಡಿಯನ್ನು ಏಜೆಂಟನನ್ನಾಗಿ ಮಾಡಿಕೊಂಡು ತಾವೇ ಬೆಲೆ ಇಡುವುದನ್ನಲ್ಲ. ಒಬ್ಬ ತಯಾರಕನು ತನ್ನ ಮಾರಾಟಗಾರನೊಡನೆ ಮಾರುವ ಬೆಲೆಯ ಬಗ್ಗೆ ಮಾಡಿಕೊಳ್ಳುವ ಒಪ್ಪಂದ ತಾನಾಗಿಯೇ ಅಕ್ರಮವಲ್ಲ, ಅದರ ಸಾಧಕ ಬಾಧಕಗಳನ್ನು ತೂಗಿ ನೋಡಬೇಕು ಎಂದು ಅಲ್ಲಿನ ಸುಪ್ರೀಂ ಕೋರ್ಟ್ 2007ರಲ್ಲೇ ಬೇರೊಂದು ಪ್ರಕರಣದಲ್ಲಿ ಹೇಳಿತ್ತು. ತಪ್ಪಾದದ್ದು ಪರಸ್ಪರ ಪೈಪೋಟಿ ನಡೆಸಬೇಕಾದವರು ಒಟ್ಟುಗೂಡಿದ್ದು. ಈ ಸಂಸ್ಥೆಗಳ ಮುಖ್ಯಸ್ಥರು ನ್ಯೂಯಾರ್ಕಿನ ದುಬಾರಿ ಹೋಟೆಲುಗಳ ಖಾಸಗಿ ಕೋಣೆಗಳಲ್ಲಿ ವಕೀಲರಿಲ್ಲದೆ ಊಟಕ್ಕೆ ಕೂತು ಹತ್ತು ಡಾಲರಿನ ಬೆಲೆಯ ವಿಷಯ ಮಾತನಾಡಿದ್ದು, ಒಬ್ಬರ ನಿರ್ಧಾರ ಇನ್ನೊಬ್ಬರಿಗೆ ಕೂಡಲೇ ತಿಳಿಯುತ್ತಿದ್ದದ್ದು, ಆಪಲ್ ನಡುವೆ ನಿಂತು ಇಂತಿಷ್ಟು ಮಂದಿ ಒಪ್ಪಿದ್ದಾರೆ ಎಂದು ಪ್ರತಿಯೊಬ್ಬರಿಗೂ ಭರವಸೆ ಕೊಡುತ್ತಿದ್ದದ್ದು ದಾಖಲೆಗಳಲ್ಲಿ ಬಂತು. ಐಪ್ಯಾಡ್ ಪ್ರದರ್ಶನದ ದಿನ ಪತ್ರಕರ್ತರೊಬ್ಬರು ಆಪಲ್‌ನ ಮುಖ್ಯಸ್ಥ ಸ್ಟೀವ್ ಜಾಬ್ಸ್ ಅವರನ್ನು, ಅಮೆಜಾನ್‌ನಲ್ಲಿ 9.99ಕ್ಕೆ ಸಿಗುವಾಗ ನಿಮ್ಮಲ್ಲಿ 14.99 ಏಕೆ ಕೊಡಬೇಕು ಎಂದು ಕೇಳಿದ್ದರು. ಎರಡೂ ಕಡೆ ಒಂದೇ ಬೆಲೆಯಿರುತ್ತದೆ ಎಂದು ಅವರು ಉತ್ತರಿಸಿದ್ದರು. ಅಮೆಜಾನ್ ಇನ್ನೂ ಏನನ್ನೂ ಒಪ್ಪಿರದ ದಿನ ಆಡಿದ ಆ ಮಾತು ಕೊನೆಗೆ ತೀರ್ಪಿನೊಳಗೇ ಸೇರಿತು.

ಆಪಲ್‌ನ ವಾದವೂ ತಳಬುಡವಿಲ್ಲದ್ದಾಗಿರಲಿಲ್ಲ. ಒಬ್ಬನೇ ವ್ಯಾಪಾರಿ ನಷ್ಟದ ಬೆಲೆಯಿಂದ ಹಿಡಿದಿಟ್ಟ ಮಾರುಕಟ್ಟೆಗೆ ಹೊಸಬರು ಬರಲು ಇದೊಂದೇ ದಾರಿಯಿತ್ತು ಎಂಬುದನ್ನು ಮೇಲ್ಮನವಿಯಲ್ಲಿ ಭಿನ್ನಮತ ಬರೆದ ನ್ಯಾಯಾಧೀಶರು ಒಪ್ಪಿದ್ದರು. ನನಗೆ ಆ ಭಿನ್ನಮತದ ಬಗ್ಗೆ ಗೌರವವಿದೆ. ಆದರೆ ಎದುರಾಳಿ ಬಲಿಷ್ಠ ಎಂಬ ಕಾರಣಕ್ಕೆ ಉಳಿದವರು ಕೂಟ ಕಟ್ಟಿ ಬೆಲೆ ಏರಿಸಬಹುದೆಂದರೆ ಪೈಪೋಟಿಯನ್ನು ಕಾಪಾಡುವ ಕಾನೂನಿನಲ್ಲಿ ಉಳಿಯುವುದೇನೂ ಇಲ್ಲ, ಬಹುಮತದ ತೀರ್ಪೇ ಸರಿ ಎಂದು ನನ್ನ ಅಭಿಪ್ರಾಯ.

ರಾಜಿಯ ಷರತ್ತುಗಳೂ ಏಜೆನ್ಸಿ ಪದ್ಧತಿಯನ್ನು ನಿಷೇಧಿಸಲಿಲ್ಲ. ಎರಡು ವರ್ಷಗಳ ಕಾಲ ಅಂಗಡಿಗಳು ತಮ್ಮ ಕಮಿಷನ್ನಿನ ಮಿತಿಯೊಳಗೆ ರಿಯಾಯಿತಿ ಕೊಡುವುದನ್ನು ಪ್ರಕಾಶಕರು ತಡೆಯಬಾರದು ಎಂದಷ್ಟೇ ಹೇಳಿದವು. ಆ ಗಡುವು ಮುಗಿಯುತ್ತಿದ್ದಂತೆ ಪ್ರತಿ ಪ್ರಕಾಶಕರೂ, ಈ ಸಲ ಬೇರೆ ಬೇರೆಯಾಗಿ, ಅಮೆಜಾನ್ ಎದುರು ಮಾತುಕತೆಗೆ ಕೂರಬೇಕಾಯಿತು. ಮೊದಲ ಸರದಿ ಹ್ಯಾಶೆಟ್‌ನದು. 2014ರ ಬೇಸಿಗೆಯ ಉದ್ದಕ್ಕೂ ಹ್ಯಾಶೆಟ್ ಪುಸ್ತಕಗಳನ್ನು ಮುಂಗಡವಾಗಿ ಕಾಯ್ದಿರಿಸಲು ಆಗುತ್ತಿರಲಿಲ್ಲ, ಎರಡು ದಿನದಲ್ಲಿ ಬರಬೇಕಾದ ಪ್ರತಿಗೆ ವಾರಗಟ್ಟಲೆ ಕಾಯಬೇಕೆಂದು ಅಮೆಜಾನ್ ತೋರಿಸುತ್ತಿತ್ತು. 900ಕ್ಕೂ ಹೆಚ್ಚು ಲೇಖಕರು ಸಹಿ ಮಾಡಿದ ಪೂರ್ಣ ಪುಟದ ಜಾಹೀರಾತು ಆಗಸ್ಟ್ 10ರ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಬಂತು. ಸ್ವಂತವಾಗಿ ಪ್ರಕಟಿಸಿಕೊಳ್ಳುವ ಅನೇಕ ಲೇಖಕರು ಅಮೆಜಾನ್ ಪರ ನಿಂತರು. ಅದಕ್ಕೂ ಕಾರಣವಿತ್ತು: 2.99ರಿಂದ 9.99 ಡಾಲರಿನೊಳಗೆ ಬೆಲೆ ಇಟ್ಟ ಲೇಖಕರಿಗೆ ಅಮೆಜಾನ್ ಶೇಕಡ 70 ಕೊಡುತ್ತದೆ, ಆ ಗಡಿ ದಾಟಿದರೆ 35. ಪ್ರಕಾಶಕರ ಮೇಲೆ ಹೇರಲಾಗದ ಹತ್ತು ಡಾಲರಿನ ಗೆರೆಯನ್ನು ಅದು ಸ್ವತಂತ್ರ ಲೇಖಕರ ಮೇಲೆ ಹೀಗೆ ಎಳೆದಿದೆ.

ಆ ಜಗಳದಲ್ಲಿ ಅಮೆಜಾನ್ ಒಂದು ಲೆಕ್ಕವನ್ನು ಬಹಿರಂಗಪಡಿಸಿತು. 14.99 ಡಾಲರಿಗೆ ಒಂದು ಪ್ರತಿ ಹೋಗುವ ಕಡೆ 9.99ಕ್ಕೆ 1.74 ಪ್ರತಿ ಹೋಗುತ್ತದೆ, ಆದ್ದರಿಂದ 14.99ಕ್ಕೆ ಒಂದು ಲಕ್ಷ ಪ್ರತಿ ಮಾರಿ ಸುಮಾರು 15 ಲಕ್ಷ ಡಾಲರ್ ಬರುವಲ್ಲಿ 9.99ಕ್ಕೆ ಮಾರಿದರೆ 17 ಲಕ್ಷ ದಾಟುತ್ತದೆ, ಓದುಗರಿಗೂ ಲೇಖಕರಿಗೂ ಲಾಭ ಎಂಬುದು ಅದರ ವಾದ. ಗುಣಾಕಾರ ಸರಿಯಾಗಿದೆ. ಆದರೆ ಅದು ಇ-ಪುಸ್ತಕವೊಂದನ್ನೇ ಮುಂದಿಟ್ಟು ಮಾಡಿದ ಲೆಕ್ಕ. ಹೆಚ್ಚುವರಿಯಾಗಿ ಹೋದ ಆ ಮುಕ್ಕಾಲು ಪ್ರತಿಯನ್ನು ಕೊಂಡವರಲ್ಲಿ ಎಷ್ಟು ಮಂದಿ ಇಲ್ಲವಾದರೆ ಹಾರ್ಡ್‌ಬೌಂಡನ್ನು, ಅದೂ ಬೇರೆ ಅಂಗಡಿಯಲ್ಲಿ, ಕೊಳ್ಳುತ್ತಿದ್ದರು ಎಂಬುದು ಅದರಲ್ಲಿಲ್ಲ. ಪ್ರಕಾಶಕರಿಗೆ ಮುಖ್ಯವಾದದ್ದು ಅದೊಂದೇ.

ನವೆಂಬರ್ 13ರಂದು ಒಪ್ಪಂದವಾಯಿತು. ಬೆಲೆ ಇಡುವ ಹಕ್ಕು ಹ್ಯಾಶೆಟ್‌ಗೆ, ಬೆಲೆ ಇಳಿಸಿದರೆ ಅದಕ್ಕೆ ಹೆಚ್ಚು ಅನುಕೂಲಕರವಾದ ಷರತ್ತುಗಳು. ಅದಕ್ಕೆ ಮೊದಲೇ ಸೈಮನ್ ಆಂಡ್ ಶುಸ್ಟರ್ ಹೆಚ್ಚು ಸದ್ದಿಲ್ಲದೆ ಇಂಥದ್ದೇ ಒಪ್ಪಂದ ಮಾಡಿಕೊಂಡಿತ್ತು, 2015ರ ಮಧ್ಯದ ಹೊತ್ತಿಗೆ ಉಳಿದವರದ್ದೂ ಮುಗಿಯಿತು. ಕೂಟ ಕಟ್ಟಿ ಪಡೆದದ್ದನ್ನು ನ್ಯಾಯಾಲಯ ಕಿತ್ತುಕೊಂಡಿತು, ಅದನ್ನೇ ಒಬ್ಬೊಬ್ಬರಾಗಿ ಚೌಕಾಸಿ ಮಾಡಿ ಮತ್ತೆ ಪಡೆದರು. ನೀವು ಕಂಡ ಸಾಲು ಉಳಿದಿರುವುದು ಹೀಗೆ, ಅದು ತೀರ್ಪನ್ನು ಮೀರಿದ್ದಲ್ಲ.

ಈಗ ಪೇಪರ್‌ಬ್ಯಾಕ್ ಏಕೆ ಅಗ್ಗ ಎಂಬುದನ್ನು ಅಂಕಿಗಳಲ್ಲಿ ನೋಡಿ. 18 ಡಾಲರ್ ಮುಖಬೆಲೆಯ ಪೇಪರ್‌ಬ್ಯಾಕನ್ನು ಅಮೆಜಾನ್ ಒಂಬತ್ತರ ಆಸುಪಾಸಿಗೆ ಕೊಂಡಿದ್ದರೆ ಹನ್ನೆರಡಕ್ಕೆ ಮಾರಿಯೂ ಲಾಭ ಮಾಡಬಹುದು, ಬೇಕೆನಿಸಿದರೆ ಹತ್ತಕ್ಕೂ ಮಾರಬಹುದು. ಇ-ಪುಸ್ತಕಕ್ಕೆ 14.99 ಎಂದು ಪ್ರಕಾಶಕರು ಬರೆದಿದ್ದರೆ ಅಷ್ಟೇ. ಪ್ರಕಾಶಕರಿಗೆ ಇ-ಪುಸ್ತಕದಿಂದ ಬರುವುದು 10.49 ಡಾಲರ್, ಪೇಪರ್‌ಬ್ಯಾಕಿನಿಂದ ಬರುವ ಒಂಬತ್ತರಲ್ಲಿ ಅಚ್ಚಿನ ಖರ್ಚು ಕಳೆಯಬೇಕು. ಲೇಖಕರ ಲೆಕ್ಕವನ್ನೂ ಸೇರಿಸುತ್ತೇನೆ. ಇ-ಪುಸ್ತಕಕ್ಕೆ ದೊಡ್ಡ ಪ್ರಕಾಶಕರು ಸಾಮಾನ್ಯವಾಗಿ ತಮಗೆ ಬಂದ ಹಣದ ಶೇಕಡ 25 ಕೊಡುತ್ತಾರೆ, ಇಲ್ಲಿ ಅದು 2.62 ಡಾಲರ್. ಪೇಪರ್‌ಬ್ಯಾಕಿನ ರೂಢಿಯ ದರವಾದ ಮುಖಬೆಲೆಯ ಶೇಕಡ ಏಳೂವರೆ ಎಂದರೆ 1.35. ಆದರೆ 26 ಡಾಲರಿನ ಹಾರ್ಡ್‌ಬೌಂಡಿಗೆ, ಶೇಕಡ 15ರ ದರ ತಲುಪಿದ ಲೇಖಕರಿಗೆ ಸಿಗುವುದು 3.90. ಲೇಖಕರ ಸಂಘಗಳು ಇ-ಪುಸ್ತಕದ ಶೇಕಡ 25ನ್ನು ಏರಿಸಿ ಎಂದು ಕೇಳುತ್ತಲೇ ಬಂದಿರುವುದು ಈ ಅಂತರದ ಕಾರಣದಿಂದ. ಬೆಲೆಯ ಜಗಳದಲ್ಲಿ ಎರಡೂ ಕಡೆಯವರು ಲೇಖಕರ ಹೆಸರನ್ನು ಎತ್ತುತ್ತಾರೆ, ಈ ದರ ಮಾತ್ರ ಅಲುಗಿಲ್ಲ.

ಪೇಪರ್‌ಬ್ಯಾಕಿನ ಬೆಲೆಯನ್ನು ಕೆಳಗೆ ಜಗ್ಗುವ ಇನ್ನೊಂದು ಸಂಗತಿ ಹಳೆಯ ಪ್ರತಿಗಳು. ಓದಿ ಮುಗಿಸಿದ ಪುಸ್ತಕವನ್ನು ಮಾರುವ ಹಕ್ಕು ಕೊಂಡವರಿಗಿದೆ. ಇ-ಪುಸ್ತಕದಲ್ಲಿ ನೀವು ಕೊಂಡದ್ದು ಓದುವ ಪರವಾನಗಿ, ಅದನ್ನು ಇನ್ನೊಬ್ಬರಿಗೆ ಮಾರಲು ಬರುವುದಿಲ್ಲ. ಯುರೋಪಿನ ಅತ್ಯುಚ್ಚ ನ್ಯಾಯಾಲಯವೂ 2019ರ ಡಿಸೆಂಬರಿನಲ್ಲಿ ಹಳೆಯ ಇ-ಪುಸ್ತಕಗಳ ವ್ಯಾಪಾರಕ್ಕೆ ಹಕ್ಕುದಾರರ ಅನುಮತಿ ಬೇಕೆಂದು ತೀರ್ಮಾನಿಸಿತು. ಅಲ್ಲಿಗೆ ಇ-ಪುಸ್ತಕಕ್ಕೆ ತನ್ನದೇ ಹಳೆಯ ಪ್ರತಿಯೊಡನೆ ಪೈಪೋಟಿ ಎಂಬುದು ಇಲ್ಲವಾಯಿತು. ಅಂದಹಾಗೆ, ಫ್ರಾನ್ಸಿನಲ್ಲಿ 2011ರ ಕಾನೂನಿನ ಪ್ರಕಾರ ಪ್ರಕಾಶಕರು ಇ-ಪುಸ್ತಕಕ್ಕೆ ಇಟ್ಟ ಬೆಲೆಯನ್ನು ಎಲ್ಲ ಅಂಗಡಿಗಳೂ ಪಾಲಿಸಬೇಕು, ಜರ್ಮನಿಯೂ 2016ರಲ್ಲಿ ತನ್ನ ಸ್ಥಿರ ಬೆಲೆಯ ಕಾನೂನಿಗೆ ಇ-ಪುಸ್ತಕವನ್ನು ಸ್ಪಷ್ಟವಾಗಿ ಸೇರಿಸಿತು. ಅಮೆರಿಕದಲ್ಲಿ ಕೂಟ ಕಟ್ಟಿದಾಗ ಅಪರಾಧವೆನಿಸಿದ ಫಲಿತಾಂಶ ಅಲ್ಲಿ ಶಾಸನವೇ ಆಗಿದೆ.

ಗ್ರಂಥಾಲಯಗಳ ಜಗಳ ಇದರ ತಮ್ಮ. ಹಾರ್ಪರ್‌ಕಾಲಿನ್ಸ್ 2011ರಲ್ಲಿ, ಗ್ರಂಥಾಲಯ ಕೊಂಡ ಇ-ಪುಸ್ತಕ 26 ಬಾರಿ ಎರವಲು ಹೋದ ಮೇಲೆ ಮತ್ತೆ ಕೊಳ್ಳಬೇಕು ಎಂಬ ನಿಯಮ ತಂದಿತು. ಮುದ್ರಿತ ಪ್ರತಿ ಸುಮಾರು ಅಷ್ಟು ಕೈ ಬದಲಿಸಿದರೆ ಹರಿದುಹೋಗುತ್ತದೆ ಎಂಬ ಸಮರ್ಥನೆಯನ್ನು ಗ್ರಂಥಪಾಲಕರು ನೂರಾರು ಬಾರಿ ಹೋಗಿಯೂ ಗಟ್ಟಿಯಾಗಿದ್ದ ಪ್ರತಿಗಳನ್ನು ಎತ್ತಿ ತೋರಿಸಿ ಗೇಲಿ ಮಾಡಿದರು. ಮ್ಯಾಕ್‌ಮಿಲನ್ 2019ರ ನವೆಂಬರಿನಿಂದ ಹೊಸ ಇ-ಪುಸ್ತಕದ ಮೊದಲ ಎಂಟು ವಾರ ಒಂದು ಗ್ರಂಥಾಲಯ ವ್ಯವಸ್ಥೆಗೆ, ಅದು ಎಷ್ಟೇ ದೊಡ್ಡ ನಗರದ್ದಾಗಿರಲಿ, ಒಂದೇ ಪ್ರತಿ ಎಂದಿತು. ಗ್ರಂಥಾಲಯಗಳು ಬಹಿಷ್ಕರಿಸಿದವು, 2020ರ ಮಾರ್ಚ್‌ನಲ್ಲಿ ನಿಯಮ ಹಿಂದಕ್ಕೆ ಹೋಯಿತು. ಪ್ರಕಾಶಕರು ಗ್ರಂಥಾಲಯಗಳಿಗೆ ಇ-ಪುಸ್ತಕಗಳನ್ನು ನ್ಯಾಯವಾದ ಷರತ್ತುಗಳಲ್ಲಿ ಕೊಡಲೇಬೇಕೆಂದು ಮೇರಿಲ್ಯಾಂಡ್ ರಾಜ್ಯ ಮಾಡಿದ ಕಾನೂನನ್ನು, ಹಕ್ಕುಸ್ವಾಮ್ಯ ಕೇಂದ್ರದ ವಿಷಯವೆಂಬ ಕಾರಣಕ್ಕೆ, ಫೆಡರಲ್ ನ್ಯಾಯಾಲಯ 2022ರಲ್ಲಿ ತಳ್ಳಿಹಾಕಿತು.

ನೀವು ಆ ಕಾದಂಬರಿಯನ್ನು ಇ-ಪುಸ್ತಕವಾಗಿಯೇ ಓದಬೇಕೆಂದಿದ್ದರೆ ಬೆಲೆಯ ಮೇಲೆ ಕಣ್ಣಿಟ್ಟಿರಿ. ಪೇಪರ್‌ಬ್ಯಾಕ್ ಬಂದು ಕೆಲವು ತಿಂಗಳಾದ ಮೇಲೆ, ಅಥವಾ ಅದೇ ಲೇಖಕರ ಮುಂದಿನ ಪುಸ್ತಕ ಬರುವ ಹೊತ್ತಿಗೆ, ಹಳೆಯದಕ್ಕೆ ಒಂದು ದಿನದ ಮಟ್ಟಿಗೆ ಎರಡು ಮೂರು ಡಾಲರಿನ ಬೆಲೆ ಬೀಳುವುದು ಅಪರೂಪವಲ್ಲ. ಅದೂ ಪ್ರಕಾಶಕರ ತೀರ್ಮಾನವೇ. ಹೀಗಾಗಿ ಬೆಲೆ ಹೆಚ್ಚಾಯಿತೆಂದು ದೂರು ಬರೆಯುವ ಮನಸ್ಸಿದ್ದರೆ ಅಂಗಡಿಗೆ ಬರೆದು ಪ್ರಯೋಜನವಿಲ್ಲ, ಪುಸ್ತಕದ ಹಕ್ಕುಸ್ವಾಮ್ಯದ ಪುಟದಲ್ಲಿರುವ ವಿಳಾಸಕ್ಕೆ ಬರೆಯಿರಿ.